ತನ್ನನ್ನೇ ಸಾಕ್ಷ್ಯವಾಗಿ ಇಟ್ಟ ವಕೀಲ: ಕ್ಲೆಮೆಂಟ್ ವಲ್ಯಾಂಡಿಗಂ ಪ್ರಕರಣ

1863ರ ಮೇ 1, ಶುಕ್ರವಾರ. ಅಮೆರಿಕದಲ್ಲಿ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಮೌಂಟ್ ವರ್ನನ್ ಅಂತ ಒಂದು ಊರು. ಅಲ್ಲಿ ಡೆಮಾಕ್ರಟಿಕ್ ಪಕ್ಷದ ದೊಡ್ಡ ಸಭೆ ನಡೆಯುತ್ತಿತ್ತು. ಒಬ್ಬ ಮನುಷ್ಯ ವೇದಿಕೆಗೆ ಒರಗಿಕೊಂಡು, ಭಾಷಣ ಮಾಡುವವನಿಂದ ಕೆಲವೇ ಅಡಿ ದೂರದಲ್ಲಿ ನಿಂತು ಏನೋ ಬರೆದುಕೊಳ್ಳುತ್ತಿದ್ದ. ಮೈಮೇಲೆ ಮಾಮೂಲಿ ಬಟ್ಟೆ. ಪತ್ರಿಕೆಯವನಿರಬೇಕು ಅಂದುಕೊಳ್ಳಬಹುದಿತ್ತು. ಆದರೆ ಆತ ಸೇನೆಯ ಕ್ಯಾಪ್ಟನ್, ಹೆಸರು ಹಿಲ್. ಗುಂಪಿನಲ್ಲಿ ಇನ್ನೊಬ್ಬ ಕ್ಯಾಪ್ಟನ್ ಕೂಡ ಇದ್ದ. ಅವನದೂ ಸಾದಾ ಉಡುಪು.

ಭಾಷಣಕಾರನ ಹೆಸರು ಕ್ಲೆಮೆಂಟ್ ಲೇರ್ಡ್ ವಲ್ಯಾಂಡಿಗಂ. ವಯಸ್ಸು 42, ಕಸುಬು ವಕೀಲಿ. ಎರಡು ತಿಂಗಳ ಹಿಂದಿನವರೆಗೂ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಕೆಳಮನೆಯ ಸದಸ್ಯ. ಆತ ಅಂದು ಹೇಳಿದ್ದು ಇಷ್ಟು: ಈ ಯುದ್ಧ ದುಷ್ಟ, ಕ್ರೂರ, ಬೇಡದ ಯುದ್ಧ. ಇದು ಒಕ್ಕೂಟ ಉಳಿಸಲು ಅಲ್ಲ, ಕರಿಯರನ್ನು ಬಿಡಿಸಿ ಬಿಳಿಯರನ್ನು ಗುಲಾಮರನ್ನಾಗಿ ಮಾಡಲು. ಲಿಂಕನ್ ಈಗ ಅಧ್ಯಕ್ಷನಲ್ಲ, ರಾಜ. ಜನರಲ್ ಬರ್ನ್‌ಸೈಡ್ ಹೊರಡಿಸಿದ 38ನೇ ಆದೇಶಕ್ಕೆ ನಾನು ಉಗುಳುತ್ತೇನೆ, ಅದನ್ನು ಕಾಲಲ್ಲಿ ತುಳಿಯುತ್ತೇನೆ. ನನಗೆ ಗೊತ್ತಿರುವುದು 1ನೇ ಆದೇಶ ಮಾತ್ರ, ಅದು ಅಮೆರಿಕದ ಸಂವಿಧಾನ.

ಕ್ಯಾಪ್ಟನ್ ಬರೆದುಕೊಂಡ ಆ ಚೀಟಿಯೇ ಈ ಪ್ರಕರಣದ ಬೀಜ. ಅದರಿಂದ ಹುಟ್ಟಿದ್ದು ಒಂದು ಬಂಧನ, ಎರಡು ದಿನದ ವಿಚಾರಣೆ, ಒಂದು ಗಡಿಪಾರು, ಒಂದು ವಿಚಿತ್ರ ಚುನಾವಣೆ, ಮತ್ತೆ ಸುಪ್ರೀಂ ಕೋರ್ಟಿನ ತನಕ ಹೋಗಿ ಉತ್ತರ ಸಿಗದೆ ವಾಪಸ್ ಬಂದ ಒಂದು ಪ್ರಶ್ನೆ. ನನ್ನ ಅನುಮಾನ ಏನೆಂದರೆ, ಅಂದು ವಲ್ಯಾಂಡಿಗಂ ಸಿಕ್ಕಿಬಿದ್ದವನಲ್ಲ. ಬೇಕಂತಲೇ ಸಿಕ್ಕಿಕೊಂಡವನು. ಕೇಸು ನಡೆಸಲು ಕಕ್ಷಿದಾರ ಬೇಕಲ್ಲ, ತಾನೇ ಕಕ್ಷಿದಾರನಾದ.

ಹಿಂದಿನ ಕಥೆ ಸ್ವಲ್ಪ

ಆತ ಹುಟ್ಟಿದ್ದು 1820ರಲ್ಲಿ, ಒಹಾಯೊದ ನ್ಯೂ ಲಿಸ್ಬನ್‌ನಲ್ಲಿ. ಅಪ್ಪ ಪ್ರೆಸ್ಬಿಟೇರಿಯನ್ ಪಾದ್ರಿ. ಪೆನ್ಸಿಲ್ವೇನಿಯಾದ ಜೆಫರ್ಸನ್ ಕಾಲೇಜಿಗೆ ಹೋದ. ಅಲ್ಲಿ ಸಂವಿಧಾನದ ಯಾವುದೋ ವಿಷಯಕ್ಕೆ ಕಾಲೇಜಿನ ಅಧ್ಯಕ್ಷನ ಜೊತೆಗೇ ವಾದಕ್ಕಿಳಿದು, ಪದವಿ ತೆಗೆದುಕೊಳ್ಳದೆ ಎದ್ದುಬಂದ. ಹುಡುಗನ ಜಾತಕವೆಲ್ಲ ಇದೊಂದೇ ಘಟನೆಯಲ್ಲಿದೆ. ಗೆಲ್ಲುವುದಕ್ಕಿಂತ ತಾನು ಸರಿ ಅಂತ ಸಾಬೀತು ಮಾಡುವುದೇ ಅವನಿಗೆ ಮುಖ್ಯ.

1842ರಲ್ಲಿ ವಕೀಲನಾದ. ಕೈ ಖಾಲಿಯಿದ್ದ ಆ ದಿನಗಳಲ್ಲಿ 500 ಡಾಲರ್ ಸಾಲ ಕೊಟ್ಟ ಗೆಳೆಯನ ಹೆಸರು ಎಡ್ವಿನ್ ಸ್ಟ್ಯಾಂಟನ್. ಈ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಲಿಂಕನ್ ಸಂಪುಟದಲ್ಲಿ ಯುದ್ಧ ಮಂತ್ರಿಯಾದವನು ಇದೇ ಸ್ಟ್ಯಾಂಟನ್. 1863ರಲ್ಲಿ ಗೆಳೆಯನ ಮನೆಯ ಬಾಗಿಲು ಒಡೆದದ್ದು ಅವನ ಇಲಾಖೆಯ ಕೈಕೆಳಗಿನ ಸೇನೆ.

1847ರಲ್ಲಿ ಡೇಟನ್ ಊರಿಗೆ ಬಂದು ವಕೀಲಿ ಶುರು ಮಾಡಿದ. ಜೊತೆಗೆ ಒಂದು ಪತ್ರಿಕೆ ನಡೆಸಿದ. 1856ರಲ್ಲಿ ಕಾಂಗ್ರೆಸ್ಸಿಗೆ ನಿಂತು 19 ಮತಗಳಿಂದ ಸೋತ. ಸೋಲು ಒಪ್ಪಿಕೊಂಡನೇ? ಇಲ್ಲ. ತಕರಾರು ಹಾಕಿದ. ಎದುರಾಳಿಗೆ ಬಿದ್ದ ಮತಗಳಲ್ಲಿ ಕೆಲವು ಮಿಶ್ರ ರಕ್ತದ ಕರಿಯರದು, ಅವರಿಗೆ ಮತದ ಹಕ್ಕಿಲ್ಲ, ಆದ್ದರಿಂದ ಅವು ಅಕ್ರಮ ಅನ್ನುವುದು ಅವನ ವಾದ. ಸುಮಾರು ಎರಡು ವರ್ಷ ಎಳೆದಾಡಿ, 1858ರ ಮೇ 25ರಂದು ಸದನ ಅವನನ್ನೇ ಗೆದ್ದವನೆಂದು ಕೂರಿಸಿತು. ಅವಧಿ ಮುಗಿಯುತ್ತ ಬಂದಿತ್ತು. ಆಮೇಲೆ ಎರಡು ಸಲ ಗೆದ್ದ. ಎರಡೂ ಸಲ ಕೂದಲೆಳೆಯಲ್ಲಿ, ಇನ್ನೂರು ಮತಕ್ಕಿಂತ ಕಡಿಮೆ ಅಂತರದಲ್ಲಿ.

ಇಲ್ಲೊಂದು ಮಾತು ನೇರವಾಗಿ ಹೇಳಿಬಿಡಬೇಕು. ವಾಕ್ ಸ್ವಾತಂತ್ರ್ಯದ ಹುತಾತ್ಮ ಅಂತ ಇವನನ್ನು ಎತ್ತಿ ಹಿಡಿಯುವವರು ಅವನು ಯಾವ ಮಾತಿಗೆ ಸ್ವಾತಂತ್ರ್ಯ ಕೇಳಿದ ಅನ್ನುವುದನ್ನು ಮೆಲ್ಲಗೆ ಬದಿಗೆ ಸರಿಸುತ್ತಾರೆ. "ಸಂವಿಧಾನ ಇದ್ದ ಹಾಗೇ ಇರಲಿ, ಒಕ್ಕೂಟ ಮೊದಲಿದ್ದ ಹಾಗೇ ಆಗಲಿ" ಎನ್ನುವುದು ಅವನ ಕೂಗು. ಮೊದಲಿದ್ದ ಹಾಗೆ ಅಂದರೆ ದಕ್ಷಿಣದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿ ಇದ್ದ ಹಾಗೆ. ಆ ಜನರ ಬಿಡುಗಡೆ ಅವನಿಗೆ ಬೇಕಾಗಿರಲಿಲ್ಲ. ಯುದ್ಧಕ್ಕೆ ದುಡ್ಡು, ಸೈನಿಕರು ಅಂತ ಸದನಕ್ಕೆ ಬಂದ ಮಸೂದೆಗಳಿಗೆ ಅಡ್ಡ ನಿಂತ. ಕೊನೆಗೆ 1862ರಲ್ಲಿ ಎದುರು ಪಕ್ಷದವರು ಅವನ ಕ್ಷೇತ್ರದ ಗಡಿಯನ್ನೇ ತಿದ್ದಿ, ಲಿಂಕನ್‌ನ ರಿಪಬ್ಲಿಕನ್ ಪಕ್ಷದ ಭದ್ರಕೋಟೆಯಾದ ವಾರೆನ್ ಕೌಂಟಿಯನ್ನು ಅದಕ್ಕೆ ಸೇರಿಸಿದರು. ಸೋತ. ವಾರೆನ್ ಕೌಂಟಿ ಮತ್ತೆ ಬರುತ್ತದೆ, ಈ ಕಥೆಯ ಕೊನೆಯಲ್ಲಿ.

ಇಂಥವರಿಗೆ ಉತ್ತರದ ರಾಜ್ಯಗಳಲ್ಲಿ ಇಟ್ಟ ಅಡ್ಡಹೆಸರು ಕಾಪರ್‌ಹೆಡ್. ಅದು ಸದ್ದು ಮಾಡದೆ ಕಚ್ಚುವ ಒಂದು ವಿಷದ ಹಾವು. ಅವರೇನು ಕಡಿಮೆಯೇ? ತಾಮ್ರದ ನಾಣ್ಯದಲ್ಲಿದ್ದ ಸ್ವಾತಂತ್ರ್ಯ ದೇವತೆಯ ತಲೆಯನ್ನು ಕತ್ತರಿಸಿ ಕೋಟಿಗೆ ಸಿಕ್ಕಿಸಿಕೊಂಡು ಓಡಾಡಿದರು. ಬೈಗುಳವನ್ನೇ ಬಿಲ್ಲೆ ಮಾಡಿಕೊಂಡರು.

ಆದೇಶ 38

ಆಂಬ್ರೋಸ್ ಬರ್ನ್‌ಸೈಡ್ 1862ರ ಡಿಸೆಂಬರ್‌ನಲ್ಲಿ ಫ್ರೆಡರಿಕ್ಸ್‌ಬರ್ಗ್ ಕಾಳಗದಲ್ಲಿ ಭಾರೀ ಪೆಟ್ಟು ತಿಂದ ಜನರಲ್. ಕೆನ್ನೆಯ ಮೇಲೆ ಉದ್ದಕ್ಕೆ ಬಿಡುವ ಕೂದಲಿಗೆ ನಾವು ಸೈಡ್‌ಬರ್ನ್ ಅನ್ನುತ್ತೇವಲ್ಲ, ಆ ಪದ ಹುಟ್ಟಿದ್ದು ಇವನ ಹೆಸರನ್ನು ತಿರುಗಿಸಿ. ಸೋತ ಮೇಲೆ ಅವನನ್ನು ಒಹಾಯೊ ಸೇನಾ ವಿಭಾಗಕ್ಕೆ ಹಾಕಿದರು, ಸಿನ್ಸಿನಾಟಿಯಲ್ಲಿ ಕಚೇರಿ. ಅಲ್ಲಿ ಯುದ್ಧ ಇರಲಿಲ್ಲ, ಬರೀ ಮಾತಿತ್ತು. 1863ರ ಏಪ್ರಿಲ್ 13ರಂದು ಮಾತಿನ ಮೇಲೇ ಯುದ್ಧ ಸಾರಿದ. ಶತ್ರುವಿನ ಪರ ಸಹಾನುಭೂತಿ ತೋರಿಸುವ ಅಭ್ಯಾಸ ಇನ್ನು ನಡೆಯುವುದಿಲ್ಲ, ಅಂಥವರನ್ನು ಹಿಡಿದು ವಿಚಾರಣೆ ಮಾಡುತ್ತೇವೆ, ಇಲ್ಲವೇ ಅವರ ಗೆಳೆಯರಿದ್ದ ಕಡೆಗೇ ಅಟ್ಟುತ್ತೇವೆ. ಇದು ಆದೇಶದ ತಿರುಳು.

ಸಹಾನುಭೂತಿ ಅಂದರೆ ಏನು? ಯಾವ ಮಾತು, ಎಷ್ಟು ಜೋರಾಗಿ ಆಡಿದರೆ ಅಪರಾಧ? ಆದೇಶದಲ್ಲಿ ಇದಕ್ಕೆಲ್ಲ ಉತ್ತರವಿಲ್ಲ. ಹೀಗೆ ಸಡಿಲವಾಗಿ ಬರೆದ ಆದೇಶ ಕೈಗೆ ಸಿಕ್ಕರೆ ಯಾವ ವಕೀಲನಿಗೆ ಬಾಯಲ್ಲಿ ನೀರೂರುವುದಿಲ್ಲ? ಮೌಂಟ್ ವರ್ನನ್‌ನಲ್ಲಿ ವಲ್ಯಾಂಡಿಗಂ ಆಡಿದ ಮಾತುಗಳನ್ನು ಮತ್ತೊಮ್ಮೆ ಓದಿ ನೋಡಿ. ಅವನು ಆದೇಶದ ನಂಬರನ್ನೇ ಹಿಡಿದು ಮಾತಾಡಿದ. ಬರೆದುಕೊಳ್ಳುವವನ ಪೆನ್ಸಿಲ್ಲಿಗೆ ಸಿಗುವ ಹಾಗೆ, ಒಂದೊಂದೇ ವಾಕ್ಯ.

ಡೇಟನ್, ನಸುಕಿನ ಎರಡೂವರೆ

ಮೇ 5ರ ಬೆಳಗಿನ ಜಾವ ಸಿನ್ಸಿನಾಟಿಯಿಂದ ಒಂದು ವಿಶೇಷ ರೈಲು ಡೇಟನ್‌ಗೆ ಬಂದು ನಿಂತಿತು. ಇಳಿದವರು ನೂರೈವತ್ತರಷ್ಟು ಸೈನಿಕರು, ಒಬ್ಬ ವಕೀಲನನ್ನು ಹಿಡಿಯಲು. ಬಾಗಿಲು ಬಡಿದರು. ವಲ್ಯಾಂಡಿಗಂ ಮೇಲಿನ ಕಿಟಕಿಯಿಂದ ತಲೆ ಹಾಕಿ, ಸೇನೆಗೆ ನನ್ನನ್ನು ಹಿಡಿಯುವ ಅಧಿಕಾರವಿಲ್ಲ, ಬರುವುದಿಲ್ಲ ಅಂದ. ಅಕ್ಕಪಕ್ಕದವರಿಗೆ ಗೊತ್ತಾಗಲಿ ಅಂತ ಪಿಸ್ತೂಲಿನಿಂದ ಗಾಳಿಯಲ್ಲಿ ಗುಂಡು ಹಾರಿಸಿದ. ಒಳಗೆ ಹೆಂಡತಿ ಮತ್ತು ನಾದಿನಿ ಕಿರುಚಿಕೊಳ್ಳುತ್ತಿದ್ದರು. ಸೈನಿಕರು ಕೊಡಲಿ ತಂದು ಬಾಗಿಲು ಕಡಿದರು. ಅವನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ ಒಳಗಿನ ಬಾಗಿಲು ಹಾಕಿಕೊಂಡ. ಅದನ್ನೂ ಒಡೆದರು.

ಕೊನೆಯ ಬಾಗಿಲು ಬಿದ್ದಾಗ ಅವನು ಹೇಳಿದ ಮಾತು ಪಕ್ಕಾ ವಕೀಲನದು: ನೀವು ನನ್ನ ಮನೆ ಒಡೆದು, ಜಾಸ್ತಿ ಬಲ ತೋರಿಸಿ ನನ್ನನ್ನು ಮಣಿಸಿದ್ದೀರಿ, ಬೇರೆ ದಾರಿಯಿಲ್ಲದೆ ಶರಣಾಗುತ್ತಿದ್ದೇನೆ. ನಿದ್ದೆಗಣ್ಣಲ್ಲೂ ಅವನು ದಾಖಲೆ ತಯಾರು ಮಾಡುತ್ತಿದ್ದ. ತಾನಾಗಿ ಹೋಗಲಿಲ್ಲ, ಒಪ್ಪಿ ಹೋಗಲಿಲ್ಲ ಅನ್ನುವುದು ಮುಂದೆ ಕೋರ್ಟಿನಲ್ಲಿ ಬೇಕಾಗುತ್ತದಲ್ಲ.

ಆ ಸಂಜೆ ಡೇಟನ್ ಹೊತ್ತಿಕೊಂಡಿತು. ಅವನ ಕಡೆಯ ಗುಂಪು ಎದುರು ಪಕ್ಷದ ಪತ್ರಿಕೆ ಡೇಟನ್ ಜರ್ನಲ್‌ನ ಕಚೇರಿಗೆ ಬೆಂಕಿ ಇಟ್ಟಿತು. ಬೆಂಕಿ ಪಕ್ಕದ ಕಟ್ಟಡಗಳಿಗೂ ಹಬ್ಬಿತು. ಬರ್ನ್‌ಸೈಡ್ ಇಡೀ ಕೌಂಟಿಗೆ ಸೇನಾಡಳಿತ ಹೇರಿದ. ವಾಕ್ ಸ್ವಾತಂತ್ರ್ಯದ ಹೆಸರಲ್ಲಿ ಸುಟ್ಟದ್ದು ಒಂದು ಪತ್ರಿಕಾ ಕಚೇರಿಯನ್ನು. ಈ ತಮಾಷೆ ಅಂದು ಯಾರಿಗೂ ಕಂಡ ಹಾಗಿಲ್ಲ.

ಎರಡು ದಿನದ ವಿಚಾರಣೆ

ಮೇ 6 ಮತ್ತು 7ರಂದು ಸಿನ್ಸಿನಾಟಿಯಲ್ಲಿ ಮಿಲಿಟರಿ ಕಮಿಷನ್ ಕೂತಿತು. ನ್ಯಾಯಾಧೀಶರ ಜಾಗದಲ್ಲಿ ಸೇನಾಧಿಕಾರಿಗಳು. ಜ್ಯೂರಿ ಇಲ್ಲ. ಆರೋಪ ಹೊರಿಸಿದ್ದು ಕ್ಯಾಪ್ಟನ್ ಕಟ್ಸ್ ಎಂಬ ಸೇನಾ ವಕೀಲ. ಅದೇ ವರ್ಷ ಈ ಕಟ್ಸ್ ಸಿನ್ಸಿನಾಟಿಯ ಒಂದು ಹೋಟೆಲಿನಲ್ಲಿ ಪರಸ್ತ್ರೀ ಬಟ್ಟೆ ಬದಲಿಸುವಾಗ ಇಣುಕಿ ನೋಡಿದ ಆರೋಪಕ್ಕೆ ತಾನೇ ಕೋರ್ಟ್ ಮಾರ್ಷಲ್ ಎದುರಿಸಿದ. ಕಥೆಗೆ ಸಂಬಂಧವಿಲ್ಲದ ವಿಷಯ, ಆದರೂ ಹೇಳದೆ ಇರಲಾಗಲಿಲ್ಲ.

ತಪ್ಪು ಒಪ್ಪುತ್ತೀಯಾ ಅಂದರು. ವಲ್ಯಾಂಡಿಗಂ ಉತ್ತರವನ್ನೇ ಕೊಡಲಿಲ್ಲ. ಉತ್ತರ ಕೊಟ್ಟರೆ ಆ ಮಂಡಳಿಗೆ ತನ್ನ ಮೇಲೆ ಅಧಿಕಾರವಿದೆ ಅಂತ ಒಪ್ಪಿದ ಹಾಗೆ. ಕೊನೆಗೆ ಅವರೇ 'ಒಪ್ಪಿಲ್ಲ' ಅಂತ ಬರೆದುಕೊಂಡರು. ಆದರೆ ಸುಮ್ನೆ ಕೂರುವ ಜಾಯಮಾನ ಅವನದಲ್ಲ. ಕ್ಯಾಪ್ಟನ್ ಹಿಲ್‌ಗೆ ತಾನೇ ಪಾಟೀಸವಾಲು ಹಾಕಿದ. ನಾನು ಆಡಿದ್ದನ್ನೆಲ್ಲ ಬರೆದುಕೊಂಡೆಯಾ, ಬೇಕಾದ್ದನ್ನು ಮಾತ್ರ ಬರೆದುಕೊಂಡೆಯಾ? ಚೀಟಿಯಲ್ಲಿ ಇರುವುದು ಆಯ್ದ ಮಾತುಗಳು ಎಂದು ತೋರಿಸಲು ನೋಡಿದ. ಸಾಕ್ಷಿಗೆ ಕರೆದದ್ದು ಅದೇ ಸಭೆಯಲ್ಲಿ ಮಾತಾಡಿದ್ದ ಕಾಂಗ್ರೆಸ್ ಸದಸ್ಯ ಸ್ಯಾಮುಯೆಲ್ ಕಾಕ್ಸ್‌ನನ್ನು.

ಶಿಕ್ಷೆ: ಯುದ್ಧ ಮುಗಿಯುವ ತನಕ ಕೋಟೆಯಲ್ಲಿ ಸೆರೆ. ಬರ್ನ್‌ಸೈಡ್ ಆರಿಸಿದ್ದು ಬೋಸ್ಟನ್ ಬಂದರಿನ ಫೋರ್ಟ್ ವಾರೆನ್.

ಈ ನಡುವೆ ಅವನ ಪರ ಮಾಜಿ ಸೆನೆಟರ್ ಜಾರ್ಜ್ ಪ್ಯೂ ಫೆಡರಲ್ ನ್ಯಾಯಾಧೀಶ ಹಂಫ್ರಿ ಲೆವಿಟ್ ಮುಂದೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದ. ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತಂದು ಕಾರಣ ಹೇಳಿ ಅಂತ ಕೇಳುವ ಅರ್ಜಿ ಅದು. ಲೆವಿಟ್ ರಿಪಬ್ಲಿಕನ್ ಅಲ್ಲ. ಆಂಡ್ರ್ಯೂ ಜಾಕ್ಸನ್ ಕಾಲದಲ್ಲಿ ನೇಮಕವಾದ ಹಳೇ ಡೆಮಾಕ್ರಟ್. ಆದರೂ ಅರ್ಜಿ ವಜಾ ಆಯಿತು. ದೇಶ ಅಪಾಯದಲ್ಲಿರುವಾಗ ಸೇನಾಧಿಕಾರಿಯ ನಿರ್ಧಾರದಲ್ಲಿ ಕೋರ್ಟು ಕೈಹಾಕುವುದಿಲ್ಲ ಅನ್ನುವ ಧಾಟಿ.

ಪ್ರಕರಣದ ಗಂಟು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಲ್ಲೋಣ. ಎರಡೇ ತಿಂಗಳ ಹಿಂದೆ, ಮಾರ್ಚ್ 3ರಂದು, ಕಾಂಗ್ರೆಸ್ ಒಂದು ಕಾಯ್ದೆ ಮಾಡಿತ್ತು. ಹೇಬಿಯಸ್ ಕಾರ್ಪಸ್ ಹಕ್ಕನ್ನು ತಡೆಹಿಡಿಯುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟ ಕಾಯ್ದೆ ಅದು. ಜೊತೆಗೆ ಒಂದು ಷರತ್ತೂ ಇತ್ತು. ಕೋರ್ಟುಗಳು ಸರಿಯಾಗಿ ನಡೆಯುತ್ತಿರುವ ರಾಜ್ಯಗಳಲ್ಲಿ ಹೀಗೆ ಹಿಡಿದಿಟ್ಟವರ ಪಟ್ಟಿಯನ್ನು ಫೆಡರಲ್ ನ್ಯಾಯಾಧೀಶರಿಗೆ ಕೊಡಬೇಕು. ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ, ಕೂತು ಎದ್ದರೂ ಆರೋಪ ಹೊರಿಸದಿದ್ದರೆ ಅವರನ್ನು ಬಿಡಬೇಕು. ಒಹಾಯೊದಲ್ಲಿ ಯುದ್ಧ ನಡೆಯುತ್ತಿರಲಿಲ್ಲ. ಕೋರ್ಟುಗಳು ಬಾಗಿಲು ತೆರೆದು ಕೂತಿದ್ದವು. ವಲ್ಯಾಂಡಿಗಂ ತಪ್ಪು ಮಾಡಿದ್ದರೆ ಮಾಮೂಲಿ ಕೋರ್ಟಿಗೆ ಒಯ್ಯಬಹುದಿತ್ತು. ಹನ್ನೆರಡು ಜನ ಒಹಾಯೊದವರು ಕೂತು ತೀರ್ಮಾನ ಮಾಡುತ್ತಿದ್ದರು. ಅವನು ಕೇಳಿದ್ದು ಅಷ್ಟನ್ನೇ. ಅವನ ರಾಜಕೀಯ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಆದರೆ ಈ ಒಂದು ಅಂಶದಲ್ಲಿ ನ್ಯಾಯ ಅವನ ಕಡೆಗಿತ್ತು ಅಂತ ಒಪ್ಪಲೇಬೇಕಾಗುತ್ತದೆ.

ಲಿಂಕನ್ ಬಾಯಲ್ಲಿ ಬಿಸಿ ತುಪ್ಪ

ಬಂಧನದ ಸುದ್ದಿ ಲಿಂಕನ್‌ಗೆ ಮೊದಲೇ ಗೊತ್ತಿರಲಿಲ್ಲ. ಗೊತ್ತಾದಾಗ ಬಾಯಿಗೆ ಬಿಸಿ ತುಪ್ಪ ಬಿದ್ದ ಹಾಗಾಯಿತು. ಬಿಟ್ಟರೆ ತನ್ನದೇ ಜನರಲ್‌ಗೆ ಅವಮಾನ. ಕೋಟೆಯಲ್ಲಿ ಇಟ್ಟರೆ ಎರಡು ವರ್ಷ ದಿನಾ ಪತ್ರಿಕೆಗಳಲ್ಲಿ ಹುತಾತ್ಮನ ಪಟ್ಟ. ತನ್ನ ಸಂಪುಟದಲ್ಲಿ ಎಲ್ಲರಿಗೂ ಈ ಬಂಧನದ ಬಗ್ಗೆ ಬೇಸರವಿದೆ, ಕೆಲವರಿಗೆ ಇದು ಬೇಕಿತ್ತಾ ಅಂತಲೂ ಅನ್ನಿಸಿರಬಹುದು, ಆದರೆ ಆಗಿಹೋದ ಮೇಲೆ ನಿನ್ನ ಬೆನ್ನಿಗೆ ನಿಲ್ಲುತ್ತೇವೆ ಅಂತ ಅವನೇ ಬರ್ನ್‌ಸೈಡ್‌ಗೆ ಬರೆದ.

ಶಿಕ್ಷೆ ಬದಲಾಯಿಸಿದ. ಜೈಲು ಬೇಡ, ಇವನನ್ನು ನಮ್ಮ ಸೇನೆಯ ಸಾಲು ದಾಟಿಸಿ ಶತ್ರುವಿನ ಕಡೆ ಬಿಟ್ಟುಬನ್ನಿ. ಅವರ ಮೇಲೆ ಅಷ್ಟು ಪ್ರೀತಿಯಿದ್ದರೆ ಅಲ್ಲೇ ಇರಲಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಾಪರ್‌ಹೆಡ್ ವಿಷಯದಲ್ಲಿ ಈ ಗಾದೆ ಇಷ್ಟು ಚೆನ್ನಾಗಿ ಕೂರುತ್ತದೆ ಅಂತ ಗಾದೆ ಕಟ್ಟಿದವರಿಗೂ ಗೊತ್ತಿರಲಿಕ್ಕಿಲ್ಲ.

ಮೇ 25ರ ಬೆಳಗ್ಗೆ, ಟೆನೆಸ್ಸಿಯ ಮರ್ಫ್ರೀಸ್‌ಬರೊ ಹತ್ತಿರ, ಬಿಳಿ ಬಾವುಟ ಹಿಡಿದು ಅವನನ್ನು ಗಡಿಗೆ ಕರೆದೊಯ್ದರು. ಆ ಕಡೆ ದಕ್ಷಿಣದ ಸೈನಿಕರು. ಇಲ್ಲೂ ವಕೀಲ ಎಚ್ಚರವಾಗಿಯೇ ಇದ್ದ. ಅತಿಥಿಯಾಗಿ ಬಂದರೆ ದೇಶದ್ರೋಹಿ ಅನ್ನುವುದು ಸಾಬೀತಾಗುತ್ತದೆ. ಅದಕ್ಕೆ ಎದುರಿಗಿದ್ದ ಸೈನಿಕನಿಗೆ ಹೇಳಿದ: ನಾನು ಒಹಾಯೊದ ನಾಗರಿಕ, ಅಮೆರಿಕ ಸಂಯುಕ್ತ ಸಂಸ್ಥಾನದ ನಾಗರಿಕ. ಬಲವಂತದಿಂದ, ನನ್ನ ಇಚ್ಛೆಗೆ ವಿರುದ್ಧವಾಗಿ ನಿಮ್ಮ ಗಡಿಯೊಳಗೆ ಬಂದಿದ್ದೇನೆ. ಆದ್ದರಿಂದ ಯುದ್ಧಕೈದಿಯಾಗಿ ಶರಣಾಗುತ್ತೇನೆ. ಪಾಪ, ಎದುರಿಗಿದ್ದವನು ಒಬ್ಬ ಸಾಮಾನ್ಯ ಸಿಪಾಯಿ. ಈ ಹೇಳಿಕೆಯನ್ನು ತೆಗೆದುಕೊಂಡು ಏನು ಮಾಡಬೇಕು ಅಂತ ಅವನಿಗೆ ತಿಳಿಯಿತೋ ಇಲ್ಲವೋ.

ದಕ್ಷಿಣದವರಿಗೂ ಈತ ಬೇಡವಾಗಿದ್ದ. ಅವರಿಗೆ ಬೇಕಿದ್ದುದು ಬೇರೆ ದೇಶ, ಇವನಿಗೆ ಬೇಕಿದ್ದುದು ಹಳೇ ಒಕ್ಕೂಟ. ಕೆಲವೇ ವಾರಗಳಲ್ಲಿ ವಿಲ್ಮಿಂಗ್ಟನ್ ಬಂದರಿಗೆ ಸಾಗಿಹಾಕಿದರು. ಅಲ್ಲಿಂದ ದಿಗ್ಬಂಧನ ತಪ್ಪಿಸಿ ಓಡುವ ಹಡಗಿನಲ್ಲಿ ಬರ್ಮುಡಾ, ಬರ್ಮುಡಾದಿಂದ ಕೆನಡಾ. ಕೊನೆಗೆ ಬಂದು ಕೂತದ್ದು ವಿಂಡ್ಸರ್ ಊರಲ್ಲಿ. ಹೊಳೆಯ ಈಚೆ ದಡ ವಿಂಡ್ಸರ್, ಆಚೆ ದಡ ಡೆಟ್ರಾಯಿಟ್. ಕಿಟಕಿಯಿಂದ ತನ್ನ ದೇಶ ಕಾಣುವಷ್ಟು ಹತ್ತಿರ.

ಇಲ್ಲದ ಅಭ್ಯರ್ಥಿ

ಇತ್ತ ಒಹಾಯೊದಲ್ಲಿ ಡೆಮಾಕ್ರಟರು ಜೂನ್ 11ರಂದು ಸೇರಿ ಗಡಿಪಾರಾದವನನ್ನೇ ಗವರ್ನರ್ ಸ್ಥಾನಕ್ಕೆ ಅಭ್ಯರ್ಥಿ ಮಾಡಿದರು. ಬಂಧನವಾಗದಿದ್ದರೆ ಅವನಿಗೆ ಆ ಟಿಕೆಟ್ ಸಿಗುತ್ತಿತ್ತಾ? ಅನುಮಾನ. ಬರ್ನ್‌ಸೈಡ್‌ನ ಕೊಡಲಿ ಏಟು ಬಿದ್ದದ್ದು ಡೇಟನ್ ಮನೆಯ ಬಾಗಿಲಿಗೆ, ಆದರೆ ಅದರಿಂದ ತೆರೆದದ್ದು ಪಕ್ಷದ ಬಾಗಿಲು.

ಲಿಂಕನ್‌ನ ಪ್ರಸಿದ್ಧ ಪತ್ರದ ತಾರೀಕು ಮರುದಿನದ್ದೇ. ನ್ಯೂಯಾರ್ಕಿನ ಆಲ್ಬನಿಯಲ್ಲಿ ಸಭೆ ಸೇರಿ ಖಂಡಿಸಿದ್ದ ಇರಾಸ್ಟಸ್ ಕಾರ್ನಿಂಗ್ ಮತ್ತಿತರರಿಗೆ ಬರೆದ ಉತ್ತರ ಅದು. ಸೇನೆಯಿಂದ ಓಡಿಹೋಗುವ ಮುಗ್ಧ ಸಿಪಾಯಿ ಹುಡುಗನಿಗೆ ನಾನು ಗುಂಡು ಹೊಡೆಯಬೇಕು, ಓಡಿಹೋಗು ಅಂತ ತಲೆಕೆಡಿಸಿದ ಚಾಲಾಕಿಯ ಕೂದಲೂ ಮುಟ್ಟಬಾರದೇ? ಇದು ಅವನ ಪ್ರಶ್ನೆ. ಯುದ್ಧಕಾಲದ ಈ ಕ್ರಮಗಳು ಶಾಶ್ವತವಾಗಿ ಉಳಿದುಬಿಡುತ್ತವೆ ಅನ್ನುವ ಭಯಕ್ಕೆ ಇನ್ನೊಂದು ಉದಾಹರಣೆ ಕೊಟ್ಟ. ಕಾಯಿಲೆ ಬಿದ್ದಾಗ ವಾಂತಿ ಔಷಧಿ ಕುಡಿದವನು, ಗುಣವಾದ ಮೇಲೂ ಜೀವನಪೂರ್ತಿ ಅದನ್ನೇ ಊಟ ಮಾಡುತ್ತಾನೆಯೇ?

ಮಾತು ಸೊಗಸು. ಸಿಪಾಯಿ ಹುಡುಗನ ವಾಕ್ಯಕ್ಕೆ ಎದುರು ಉತ್ತರವೇ ಇಲ್ಲ ಅನ್ನಿಸುತ್ತದೆ. ಆದರೆ ವಕೀಲನ ಕಣ್ಣಲ್ಲಿ ನೋಡಿದರೆ ಒಂದು ತೂತು ಕಾಣುತ್ತದೆ. ಆರೋಪಪಟ್ಟಿಯಲ್ಲಿ ಯಾವ ಸಿಪಾಯಿಯ ಹೆಸರೂ ಇಲ್ಲ. ಇವನ ಭಾಷಣ ಕೇಳಿ ಯಾರಾದರೂ ಓಡಿಹೋದ ಅಂತ ಯಾರೂ ಸಾಕ್ಷಿ ಹೇಳಲಿಲ್ಲ. ಅಲ್ಲಿದ್ದುದು ಕ್ಯಾಪ್ಟನ್ ಹಿಲ್‌ನ ಚೀಟಿ ಮಾತ್ರ. ಲಿಂಕನ್ ಕೂಡ ಕಸುಬಿನಲ್ಲಿ ವಕೀಲನೇ ಅಲ್ವಾ, ಅವನಿಗೆ ಇದು ಗೊತ್ತಿಲ್ಲದ್ದೇನಲ್ಲ. ತಾನಾಗಿದ್ದರೆ ಈ ಬಂಧನಕ್ಕೆ ಆದೇಶ ಕೊಡುತ್ತಿದ್ದೆನೋ ಇಲ್ಲವೋ ಅಂತ ಅದೇ ಪತ್ರದಲ್ಲಿ ಒಂದು ಕಡೆ ಸಣ್ಣಗೆ ಹೇಳಿಯೂ ಇದ್ದಾನೆ. ಅದೇ ತಿಂಗಳು ಬರ್ನ್‌ಸೈಡ್ ಷಿಕಾಗೊ ಟೈಮ್ಸ್ ಪತ್ರಿಕೆಯನ್ನು ಮುಚ್ಚಿಸಿದಾಗ ಮೂರೇ ದಿನದಲ್ಲಿ ಆ ಆದೇಶ ವಾಪಸ್ ತೆಗೆಸಿದ.

ಚುನಾವಣೆ ನಡೆದದ್ದು ಅಕ್ಟೋಬರ್ 13ರಂದು. ಅಷ್ಟರಲ್ಲಿ ಗೆಟಿಸ್‌ಬರ್ಗ್, ವಿಕ್ಸ್‌ಬರ್ಗ್ ಎರಡರಲ್ಲೂ ಉತ್ತರ ಗೆದ್ದಿತ್ತು. ದಕ್ಷಿಣದ ಕುದುರೆ ಪಡೆ ಜುಲೈನಲ್ಲಿ ಒಹಾಯೊದೊಳಗೇ ನುಗ್ಗಿ ಲೂಟಿ ಮಾಡಿಹೋಗಿತ್ತು. ಕುದುರೆ ಕಳೆದುಕೊಂಡ ರೈತನಿಗೆ ಶಾಂತಿ ಸಂಧಾನದ ಮಾತು ರುಚಿಸೀತೇ? ವಲ್ಯಾಂಡಿಗಂ ವಿಂಡ್ಸರ್‌ನ ಹೋಟೆಲಿನಿಂದಲೇ ಪ್ರಚಾರ ನಡೆಸಿ, ಜಾನ್ ಬ್ರೋ ಎಂಬ ಎದುರಾಳಿಗೆ ಸುಮಾರು 1 ಲಕ್ಷ ಮತಗಳಿಂದ ಸೋತ. ಆದರೂ 1 ಲಕ್ಷ 87 ಸಾವಿರಕ್ಕೂ ಜಾಸ್ತಿ ಜನ ಗಡಿಪಾರಾದ ಮನುಷ್ಯನಿಗೆ ಮತ ಹಾಕಿದ್ದರು. ಸೈನಿಕರ ಮತದಲ್ಲಿ ಮಾತ್ರ ಅವನಿಗೆ ಪೂರ್ತಿ ಮಂಗಳಾರತಿ. ಬ್ರೋಗೆ 41 ಸಾವಿರದಷ್ಟು, ಇವನಿಗೆ 2 ಸಾವಿರ ಚಿಲ್ಲರೆ.

ಉತ್ತರ ಸಿಗದ ಪ್ರಶ್ನೆ

ಉಳಿದಿದ್ದು ಸುಪ್ರೀಂ ಕೋರ್ಟು. 1864ರ ಫೆಬ್ರವರಿಯಲ್ಲಿ ತೀರ್ಪು ಬಂತು. ಮಿಲಿಟರಿ ಕಮಿಷನ್ ಅನ್ನುವುದು 1789ರ ಕಾಯ್ದೆಯ ಪ್ರಕಾರ ಕೋರ್ಟೇ ಅಲ್ಲ. ಕೋರ್ಟಲ್ಲದ್ದರ ತೀರ್ಪನ್ನು ತರಿಸಿ ನೋಡುವ ಅಧಿಕಾರ ನಮಗಿಲ್ಲ. ಅರ್ಜಿ ವಜಾ. ನ್ಯಾಯಮೂರ್ತಿ ವೇನ್ ಬರೆದ ತೀರ್ಪು ಇದು. ಕೋರ್ಟು ಕಚೇರಿ ಅಲೆದವರಿಗೆ ಈ ಜಾಣತನ ಹೊಸದಲ್ಲ. ಸೇನೆ ಮಾಡಿದ್ದು ಸರಿ ಅಂತಲೂ ಹೇಳಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. ನಮ್ಮ ಟೇಬಲ್ಲಿಗೆ ಬರುವ ಫೈಲಲ್ಲ ಇದು ಅಂತ ಸರಿಸಿಬಿಟ್ಟರು.

ಪ್ರಶ್ನೆಗೆ ಉತ್ತರ ಬಂದದ್ದು 1866ರಲ್ಲಿ, ಬೇರೊಬ್ಬನ ಹೆಸರಲ್ಲಿ. ಇಂಡಿಯಾನಾದ ಲ್ಯಾಂಬ್ಡಿನ್ ಮಿಲಿಗನ್ ಕೂಡ ವಕೀಲ. ಅವನಿಗೆ ಮಿಲಿಟರಿ ಕಮಿಷನ್ ಗಲ್ಲು ವಿಧಿಸಿತ್ತು. ಕೋರ್ಟುಗಳು ತೆರೆದಿರುವ ಕಡೆ ನಾಗರಿಕರನ್ನು ಸೇನೆ ವಿಚಾರಣೆ ಮಾಡುವಂತಿಲ್ಲ ಅಂತ ಆಗ ಸುಪ್ರೀಂ ಕೋರ್ಟು ಹೇಳಿತು. ಬರೆದವನು ಡೇವಿಡ್ ಡೇವಿಸ್, ಲಿಂಕನ್‌ನ ಹಳೇ ಗೆಳೆಯ. ಅಷ್ಟು ಹೊತ್ತಿಗೆ ಯುದ್ಧ ಮುಗಿದಿತ್ತು, ಲಿಂಕನ್ ಕೊಲೆಯಾಗಿದ್ದ. ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುವುದು ಮಿಲಿಗನ್ ಹೆಸರನ್ನು. ಅದೇ ಪ್ರಶ್ನೆಗೆ ಮನೆ, ಊರು, ಚುನಾವಣೆ ಎಲ್ಲ ಕಳೆದುಕೊಂಡವನು ಅಡಿಟಿಪ್ಪಣಿಯಲ್ಲಿದ್ದಾನೆ.

ವಲ್ಯಾಂಡಿಗಂ ಅಷ್ಟು ಕಾಲ ಕಾದಿರಲಿಲ್ಲ ಬಿಡಿ. 1864ರ ಜೂನ್‌ನಲ್ಲಿ ಹೊಳೆ ದಾಟಿ ಕದ್ದು ಬಂದ. ಸುಳ್ಳು ಗಡ್ಡ ಅಂಟಿಸಿ, ಅಂಗಿಯೊಳಗೆ ದಿಂಬು ಇಟ್ಟುಕೊಂಡು ದಪ್ಪ ಕಾಣುವ ಹಾಗೆ ಬಂದ ಅನ್ನುತ್ತಾರೆ. ಒಹಾಯೊದ ಹ್ಯಾಮಿಲ್ಟನ್ ಊರಲ್ಲಿ ಪಕ್ಷದ ಸಭೆ ನಡೆದಿತ್ತು. ಅಲ್ಲಿ ದಿಢೀರನೆ ವೇದಿಕೆ ಹತ್ತಿ ಭಾಷಣ ಮಾಡಿದ. ಬನ್ನಿ, ಮತ್ತೆ ಹಿಡಿಯಿರಿ ನೋಡೋಣ ಅನ್ನುವ ಸವಾಲು ಅದು. ಲಿಂಕನ್ ಏನು ಮಾಡಿದ ಗೊತ್ತಾ? ಇವನ ಮೇಲೆ ಕಣ್ಣಿಟ್ಟಿರಿ, ನಿಜಕ್ಕೂ ಕೇಡು ಮಾಡಿದರೆ ಮಾತ್ರ ಹಿಡಿಯಿರಿ ಅಂತ ಒಂದು ಪತ್ರ ಬರೆದ. ಆಮೇಲೆ ಅದನ್ನೂ ಕಳಿಸದೆ ಇಟ್ಟುಕೊಂಡ. ಕೇಸು ಬೇಕು ಅಂತ ಕುಣಿಯುವವನಿಗೆ ಕೇಸನ್ನೇ ಕೊಡದಿರುವುದು. ಇದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಬೇರೆ ಇರಲಿಲ್ಲ.

ಆ ಆಗಸ್ಟ್‌ನಲ್ಲಿ ಷಿಕಾಗೊದ ಪಕ್ಷ ಸಮಾವೇಶದಲ್ಲಿ, ಯುದ್ಧ ಸೋತಿದೆ, ಶಾಂತಿ ಮಾಡಿಕೊಳ್ಳಿ ಅನ್ನುವ ಸಾಲನ್ನು ಪ್ರಣಾಳಿಕೆಗೆ ಸೇರಿಸಿದ. ಪಕ್ಷದ ಅಭ್ಯರ್ಥಿ ಮೆಕ್‌ಲೆಲನ್‌ ಅದನ್ನು ಒಪ್ಪಲೇ ಇಲ್ಲ. ಯುದ್ಧ ಮುಗಿದ ಮೇಲೆ ಸೆನೆಟ್‌ಗೂ ಕೆಳಮನೆಗೂ ಪ್ರಯತ್ನಪಟ್ಟು ಸೋತ. 1871ರಲ್ಲಿ ಒಂದು ಅಚ್ಚರಿ ಮಾಡಿದ. ಗುಲಾಮಗಿರಿ ರದ್ದು, ಕರಿಯರಿಗೆ ಪೌರತ್ವ, ಮತದಾನ, ಇವೆಲ್ಲ ಸಂವಿಧಾನಕ್ಕೆ ಸೇರಿಯಾಗಿದೆ, ಇನ್ನು ಒಪ್ಪಿಕೊಂಡು ಮುಂದೆ ಹೋಗೋಣ ಅಂತ ಪಕ್ಷಕ್ಕೆ ಹೇಳಿದ. ಮನಸ್ಸು ಬದಲಾಯಿತೋ ಲೆಕ್ಕ ಬದಲಾಯಿತೋ? ನನಗೆ ಲೆಕ್ಕ ಅನ್ನಿಸುತ್ತದೆ. ಆದರೂ ಲಿಂಕನ್ ಸಂಪುಟದಲ್ಲಿದ್ದು ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸ್ಯಾಮನ್ ಚೇಸ್, ಶಭಾಷ್ ಅಂತ ಪತ್ರ ಬರೆದ. ಅದು ಮೇ ತಿಂಗಳು.

ಲೆಬನಾನ್, ಜೂನ್ 16

ಹ್ಯಾಮಿಲ್ಟನ್‌ನ ಒಂದು ಬಾರಿನಲ್ಲಿ 1870ರ ಕ್ರಿಸ್ಮಸ್ ಹಿಂದಿನ ದಿನ ಗಲಾಟೆಯಾಗಿ ಟಾಮ್ ಮೈಯರ್ಸ್ ಎಂಬವನು ಗುಂಡೇಟಿಗೆ ಸತ್ತ. ಆರೋಪಿ ಥಾಮಸ್ ಮೆಕ್‌ಗೀಹನ್. ಅವನ ಪರ ವಕೀಲ ವಲ್ಯಾಂಡಿಗಂ. ಹ್ಯಾಮಿಲ್ಟನ್‌ನಲ್ಲಿ ನಿಷ್ಪಕ್ಷಪಾತ ವಿಚಾರಣೆ ಆಗುವುದಿಲ್ಲ ಅಂತ ಕೇಸನ್ನು ಬೇರೆ ಕಡೆಗೆ ವರ್ಗಾಯಿಸಿದ್ದರು. ಎಲ್ಲಿಗೆ? ವಾರೆನ್ ಕೌಂಟಿಯ ಲೆಬನಾನ್ ಪಟ್ಟಣಕ್ಕೆ. ಒಂಬತ್ತು ವರ್ಷದ ಹಿಂದೆ ಅವನ ಸೀಟು ಕಿತ್ತುಕೊಂಡ ಅದೇ ಕೌಂಟಿ.

ಅವನ ವಾದ ಸರಳ. ಮೈಯರ್ಸ್‌ಗೆ ಯಾರೂ ಗುಂಡು ಹೊಡೆಯಲಿಲ್ಲ. ಮಂಡಿಯೂರಿದ್ದವನು ಏಳುವಾಗ ಜೇಬಿನಿಂದ ತನ್ನದೇ ಪಿಸ್ತೂಲು ಎಳೆದ, ಅದು ಸಿಕ್ಕಿಕೊಂಡು ಹಾರಿತು. ಆ ಶುಕ್ರವಾರ ಸಂಜೆ ಸಹ ವಕೀಲರ ಜೊತೆ ಊರಾಚೆ ಹೋಗಿ ಬಟ್ಟೆಯ ತುಂಡಿಗೆ ಗುಂಡು ಹೊಡೆದು ನೋಡಿದ. ಎಷ್ಟು ಹತ್ತಿರದಿಂದ ಹೊಡೆದರೆ ಮದ್ದಿನ ಕಲೆ ಬಟ್ಟೆ ಮೇಲೆ ಹೇಗೆ ಕೂರುತ್ತದೆ ಅನ್ನುವ ಪರೀಕ್ಷೆ. ಹೋಟೆಲಿಗೆ ಮರಳುವಾಗ ಪಿಸ್ತೂಲಿನಲ್ಲಿ ಇನ್ನೂ ಮೂರು ಗುಂಡು ಉಳಿದಿದ್ದವು. ಕೋಣೆಯಲ್ಲಿ ಅದನ್ನು ಇಟ್ಟದ್ದು ಇನ್ನೊಂದು ಪಿಸ್ತೂಲಿನ ಪಕ್ಕ. ಆ ಇನ್ನೊಂದರಲ್ಲಿ ಗುಂಡು ಇರಲಿಲ್ಲ.

ರಾತ್ರಿ ಒಬ್ಬ ಸಹೋದ್ಯೋಗಿ ಕೇಳಿದಾಗ ತೋರಿಸಲು ಎದ್ದು ನಿಂತ. ಪಿಸ್ತೂಲನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಮೆಲ್ಲಗೆ ಎಳೆದ. ಬಾಯಿ ಹೊಟ್ಟೆಯ ಕಡೆಗೆ ತಿರುಗಿತು. ಮೈಯರ್ಸ್ ಹಿಡಿದದ್ದು ಹೀಗೆ, ಆದರೆ ಅವನು ನೆಟ್ಟಗೆ ನಿಂತಿರಲಿಲ್ಲ, ಏಳುತ್ತಿದ್ದ, ಅಂದ. ಕೈಗೆ ಬಂದಿದ್ದು ಗುಂಡಿದ್ದ ಪಿಸ್ತೂಲು.

"ಅಯ್ಯೋ ದೇವರೇ, ನನಗೇ ಹೊಡೆದುಕೊಂಡೆ."

ವೈದ್ಯರಿಗೆ ಗುಂಡು ಸಿಗಲಿಲ್ಲ. ಹೆಂಡತಿ ಲೂಯಿಸಾ ತನ್ನ ಅಣ್ಣನ ಅಂತ್ಯಕ್ರಿಯೆಗೆ ಅಂತ ಮೇರಿಲ್ಯಾಂಡ್‌ಗೆ ಹೋಗಿದ್ದಳು. ಮರುದಿನ ಬೆಳಗ್ಗೆ ಹತ್ತರ ಒಳಗೆ ಅವನ ಜೀವ ಹೋಯಿತು. 50 ವರ್ಷ. ಡೇಟನ್‌ನ ವುಡ್‌ಲ್ಯಾಂಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಜ್ಯೂರಿಗೆ ತೋರಿಸಬೇಕು ಅಂತಿದ್ದ ಪ್ರದರ್ಶನವನ್ನು ಜ್ಯೂರಿ ನೋಡಲೇ ಇಲ್ಲ. ಆದರೆ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಮೆಕ್‌ಗೀಹನ್‌ಗೆ ಕೊನೆಗೆ ಖುಲಾಸೆಯಾಯಿತು.  1875ರಲ್ಲಿ ಅವನಿಗೂ ಸಾವು ಬಂದದ್ದು ಗುಂಡೇಟಿನಿಂದಲೇ. ಆ ಸಲ ಹೊಡೆದವನು ಬೇರೆಯವನೇ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.